ಸೀರೆ ಉಟ್ಟು ಪದ್ಮಶ್ರೀ ಪಡೆದ ನಟ: ತೆಲುಗು ರಂಗಭೂಮಿಯ ‘ಸತ್ಯಭಾಮೆ’ ಸ್ಥಾನಂ ನರಸಿಂಹರಾವ್ ಬದುಕಿನ ಕಥೆ

ವಿಜಯವಾಡದ ಬೆಸೆಂಟ್ ರಸ್ತೆಯಲ್ಲೋ, ವಿಶಾಖಪಟ್ಟಣದ ಜಗದಾಂಬ ಜಂಕ್ಷನ್‌ನಲ್ಲೋ ಒಬ್ಬ ಗಂಡಸು ಚಪ್ಪಲಿ ಅಂಗಡಿಗೆ ಹೋಗಿ ಲೇಡೀಸ್ ಬೂಟ್ಸ್ ಕೇಳಿದ ಎಂದುಕೊಳ್ಳಿ. ಹೆಂಡತಿಗೋ ತಂಗಿಗೋ ಇರಬೇಕು ಎಂದುಕೊಂಡು ಸೇಲ್ಸ್‌ಮನ್ ಸೈಜ್ ಕೇಳುತ್ತಾನೆ. ತನಗೇ ಬೇಕು ಎಂದರೆ ಅಂಗಡಿಯಲ್ಲಿರುವವರೆಲ್ಲ ತಿರುಗಿ ನೋಡುತ್ತಾರೆ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲೂ ಇದಕ್ಕಿಂತ ಬೇರೇನೂ ಆಗುವುದಿಲ್ಲ. ಹೆಣ್ಣಿನ ಬಟ್ಟೆ, ಹೆಣ್ಣಿನ ಚಪ್ಪಲಿ, ಹೆಣ್ಣಿನ ಒಡವೆ ತೊಟ್ಟ ಗಂಡಸು ಎಂದರೆ ನಗು, ಇಲ್ಲವೇ ಅನುಮಾನ.

ಆದರೆ ಇದೇ ಕರಾವಳಿ ಆಂಧ್ರದಲ್ಲಿ ನೂರು ವರ್ಷಗಳ ಹಿಂದೆ ಸೀರೆ ಉಟ್ಟು, ಜಡೆ ಹೆಣೆದು, ಮೈತುಂಬ ಒಡವೆ ಹೇರಿಕೊಂಡ ಒಬ್ಬ ಗಂಡಸನ್ನು ನೋಡಲು ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂರುತ್ತಿದ್ದರು. ಅವರಿಗೆ ಚಿನ್ನದ ಕಿರೀಟ ತೊಡಿಸಿದರು. ಭಾರತ ಸರ್ಕಾರ ಪದ್ಮಶ್ರೀ ಕೊಟ್ಟು ಗೌರವಿಸಿತು. ಅವರ ಹೆಸರು ಸ್ಥಾನಂ ನರಸಿಂಹರಾವ್. ‘ಸ್ಥಾನಂ’ ಎಂಬುದು ಅವರ ಮನೆತನದ ಹೆಸರು. ತೆಲುಗು ನಾಡಿನಲ್ಲಿ ಇವತ್ತಿಗೂ ಆ ಒಂದು ಪದ ಸಾಕು, ಯಾರೆಂದು ತಿಳಿಯುತ್ತದೆ.

ಅವರ ಕಥೆಯಲ್ಲಿ ಕನ್ನಡಿಗರಿಗೂ ಹಲವು ನಂಟುಗಳಿವೆ. ಧಾರವಾಡ, ಬಳ್ಳಾರಿ, ಹಂಪಿ ಎಲ್ಲವೂ ಅದರಲ್ಲಿ ಬರುತ್ತವೆ. ಹಾಗಾದರೆ ಯಾರು ಈ ಸ್ಥಾನಂ? ಬನ್ನಿ, ತಿಳಿಯೋಣ.

ನಟ ಬಾರದ ದಿನ ಸಿಕ್ಕ ಅವಕಾಶ

ನರಸಿಂಹರಾವ್ ಹುಟ್ಟಿದ್ದು 1902ರ ಸೆಪ್ಟೆಂಬರ್ 23ರಂದು, ಅಂದಿನ ಕೃಷ್ಣಾ ಜಿಲ್ಲೆಯ ಬಾಪಟ್ಲದಲ್ಲಿ. ಆಗ ಇಡೀ ಕರಾವಳಿ ಆಂಧ್ರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ವಿಜಯವಾಡವನ್ನು ಜನ ಬೆಜವಾಡ ಎನ್ನುತ್ತಿದ್ದರು.

1920ರಲ್ಲಿ ಬಾಪಟ್ಲದಲ್ಲಿ ‘ಹರಿಶ್ಚಂದ್ರ’ ನಾಟಕ ನಡೆಯಬೇಕಿತ್ತು. ಚಂದ್ರಮತಿ ಪಾತ್ರ ಮಾಡಬೇಕಿದ್ದ ನಟ ಬರಲೇ ಇಲ್ಲ. ಆ ಜಾಗ ತುಂಬಲು ಸಿಕ್ಕವರು ನರಸಿಂಹರಾವ್. ಆಗ ಅವರಿಗೆ ಇನ್ನೂ 17–18ರ ವಯಸ್ಸು. ಹೀಗೆ ಅನಿವಾರ್ಯವಾಗಿ ಉಟ್ಟ ಸೀರೆ ಮುಂದೆ ಅವರ ಇಡೀ ಬದುಕಿನ ದಾರಿಯನ್ನೇ ನಿರ್ಧರಿಸಿತು.

ಚಂದ್ರಮತಿ ಸುಲಭದ ಪಾತ್ರವಲ್ಲ. ರಾಣಿಯಾಗಿದ್ದವಳು ದಾಸಿಯಾಗಬೇಕು, ಮಗನ ಹೆಣ ಹೊತ್ತು ಸ್ಮಶಾನಕ್ಕೆ ಬರಬೇಕು, ಅಲ್ಲಿ ಗಂಡನ ಎದುರೇ ನಿಲ್ಲಬೇಕು. ಗಂಡುದನಿಯೊಂದು ನುಸುಳಿದರೆ ಸಾಕು, ಅಳಬೇಕಾದ ಪ್ರೇಕ್ಷಕರು ನಕ್ಕುಬಿಡುತ್ತಾರೆ. ಅಂಥ ಪಾತ್ರದಿಂದ ಶುರುವಾದವರು ಮತ್ತೆ ಹಿಂತಿರುಗಿ ನೋಡಲಿಲ್ಲ.

ಗಂಡಸರೇ ಏಕೆ ಹೆಣ್ಣಾಗುತ್ತಿದ್ದರು?

ಇದಕ್ಕೆ ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1880ರ ಸುಮಾರಿಗೆ ಧಾರವಾಡದ ನಾಟಕ ಕಂಪನಿಯೊಂದು ಕರಾವಳಿ ಆಂಧ್ರದ ಊರುಗಳಲ್ಲಿ ಸಂಚರಿಸಿ ಹಿಂದಿ ನಾಟಕಗಳನ್ನು ಆಡಿತು. ಪರದೆ, ವೇಷಭೂಷಣ, ಸಂಗೀತ ನೋಡಿ ತೆಲುಗಿನ ವಿದ್ಯಾವಂತರು ಬೆರಗಾದರು. ತಮ್ಮ ಭಾಷೆಯಲ್ಲೂ ಇಂಥದ್ದು ಬೇಕು ಎಂಬ ಹುಮ್ಮಸ್ಸು ಹುಟ್ಟಿತು. ರಾಜಮಂಡ್ರಿಯಲ್ಲಿ ಕಂದುಕೂರಿ ವೀರೇಶಲಿಂಗಂ ನಾಟಕ ಆಡಿಸಿದರು. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭಾ ಕಟ್ಟಿ ತೆಲುಗು ನಾಟಕಗಳ ಹೊಸ ಯುಗಕ್ಕೆ ನಾಂದಿ ಹಾಡಿದರು. ತೆಲುಗು ರಂಗಭೂಮಿಯ ಬುಡದಲ್ಲಿ ಕನ್ನಡ ನೆಲದ ಎರಡು ಊರುಗಳಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಆದರೆ ಈ ಸಭಾಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಮನೆತನಸ್ಥ ಹೆಣ್ಣು ರಂಗ ಹತ್ತುವುದು ಮರ್ಯಾದೆಗೇಡು ಎಂಬ ಭಾವನೆ ಇತ್ತು. ಹಾಡುವ, ಕುಣಿಯುವ ವಿದ್ಯೆ ಬಲ್ಲ ಕಲಾವಂತ ಮನೆತನಗಳ ಹೆಣ್ಣುಮಕ್ಕಳಿದ್ದರು. ಆದರೆ ಸಮಾಜ ಸುಧಾರಕರು ಅವರ ನಾಚ್ ಕಾರ್ಯಕ್ರಮಗಳನ್ನೇ ವಿರೋಧಿಸುತ್ತಿದ್ದ ಕಾಲ ಅದು. ಒಟ್ಟಿನಲ್ಲಿ ಸೀತೆ, ದ್ರೌಪದಿ, ದಮಯಂತಿ ಎಲ್ಲರೂ ಮೀಸೆ ಬೋಳಿಸಿಕೊಂಡ ಹುಡುಗರೇ.

ಒಂದು ಅಪವಾದವಿತ್ತು. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಎಂಬ ಊರಿನಲ್ಲಿ ಶುರುವಾದ ಸುರಭಿ ನಾಟಕ ಮಂಡಳಿ. ಇದು ಕುಟುಂಬದವರೇ ನಡೆಸುವ ಕಂಪನಿ. ಅಪ್ಪ, ಅಮ್ಮ, ಮಗಳು, ಸೊಸೆ ಎಲ್ಲರೂ ಪಾತ್ರ ಮಾಡುತ್ತಿದ್ದರು. ಹೆಣ್ಣು ರಂಗಕ್ಕೆ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಅವರು ಆಗಲೇ ತೋರಿಸಿದ್ದರು.

ವಿಜಯವಾಡದಿಂದ ಸುಮಾರು 60 ಕಿ.ಮೀ. ದೂರದ ಕೂಚಿಪುಡಿ ಗ್ರಾಮದಲ್ಲಂತೂ ಈ ಪದ್ಧತಿ ಇನ್ನೂ ಹಳೆಯದು. ಸಿದ್ಧೇಂದ್ರ ಯೋಗಿ ರಚಿಸಿದರೆಂದು ಹೇಳುವ ‘ಭಾಮಾಕಲಾಪಂ’ನಲ್ಲಿ ಸತ್ಯಭಾಮೆಯ ವೇಷ ಹಾಕುವುದು ಅಲ್ಲಿನ ಬ್ರಾಹ್ಮಣ ಮನೆತನಗಳ ಗಂಡಸರೇ. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ಕಂಡವರಿಗೆ ಇದು ಹೊಸತೇನಲ್ಲ. ಅಂದರೆ ಗಂಡಸು ಸೀರೆ ಉಡುವುದು ಆ ಭಾಗದ ಜನರಿಗೆ ವಿಚಿತ್ರ ಎನಿಸಿರಲಿಲ್ಲ. ರಂಗದ ಮೇಲೆ ಎಂಬ ಷರತ್ತು ಮಾತ್ರ ಇತ್ತು.

ತೆನಾಲಿಯ ದಾರಿ

ಬಾಪಟ್ಲದ ಹುಡುಗ ಮುಂದೆ ಸೇರಿದ್ದು ತೆನಾಲಿಯ ಶ್ರೀರಾಮ ವಿಲಾಸ ಸಭಾಕ್ಕೆ. ವಿಜಯವಾಡಕ್ಕೆ ಸುಮಾರು 30 ಕಿ.ಮೀ. ದೂರದ ತೆನಾಲಿ ಆಗ ಕಲಾವಿದರ ಊರು. ಕೃಷ್ಣಾ ಕಾಲುವೆಯ ನೀರಿನಿಂದ ಬತ್ತದ ಗದ್ದೆಗಳು ತುಂಬಿದ್ದವು, ರೈತರ ಕೈಯಲ್ಲಿ ಕಾಸು ಓಡಾಡುತ್ತಿತ್ತು, ನಾಟಕ ಕಂಪನಿಗಳಿಗೆ ಪೋಷಕರಿಗೆ ಬರವಿರಲಿಲ್ಲ. 1929ರಲ್ಲಿ ಆಂಧ್ರ ನಾಟಕ ಕಲಾ ಪರಿಷತ್ತು ಹುಟ್ಟಿದ್ದೂ ಇದೇ ಊರಿನಲ್ಲಿ.

ರೈಲು ಕೂಡ ನೆರವಿಗೆ ಬಂತು. ಮದ್ರಾಸಿನಿಂದ ಕಲ್ಕತ್ತಕ್ಕೆ ಹೋಗುವ ಹಳಿ ಬಾಪಟ್ಲ, ತೆನಾಲಿ, ಬೆಜವಾಡ, ರಾಜಮಂಡ್ರಿ ದಾಟಿ ವಿಶಾಖಪಟ್ಟಣದ ಕಡೆಗೆ ಸಾಗುತ್ತದೆ. ಪರದೆ, ಟ್ರಂಕು, ಹಾರ್ಮೋನಿಯಂ ಹೇರಿಕೊಂಡು ಕಂಪನಿಗಳು ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು ಸುಲಭವಾಯಿತು.

ಸ್ತ್ರೀಪಾರ್ಟು ಎಂದರೆ ಬರೀ ಸೀರೆ ಸುತ್ತಿಕೊಳ್ಳುವುದಲ್ಲ. ಮೈಕ್ ಇಲ್ಲದ ಕಾಲ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಪದ್ಯ ಹಾಡಬೇಕು, ಆದರೆ ದನಿ ಒರಟಾಗಬಾರದು. ಅಗಲ ಹೆಗಲನ್ನು ಸೆರಗಿನಲ್ಲಿ ಮರೆಸಬೇಕು. ಚೌರಿ ಸೇರಿಸಿ ಜಡೆ ಹೆಣೆಯಬೇಕು. ಡಾಬು, ವಂಕಿ, ಜಡೆಬಿಲ್ಲೆ, ಕಾಲ್ಗೆಜ್ಜೆ ಎಲ್ಲವನ್ನೂ ಹಾಕಿಕೊಂಡು ಅವುಗಳ ಭಾರ ಗೊತ್ತಾಗದಂತೆ ನಡೆಯಬೇಕು. ಪುರಾಣದ ನಾಯಕಿಯರಿಗೆ ಕಾಲಲ್ಲಿ ಚಪ್ಪಲಿ ಇಲ್ಲ. ಹಾಗಾಗಿ ಎಲ್ಲರ ಕಣ್ಣು ಬೀಳುವುದು ಬರಿಗಾಲಿನ ಮೇಲೇ. ಗಂಡಸಿನ ನಡಿಗೆ ಅಲ್ಲೇ ಬಯಲಾಗಿಬಿಡುತ್ತದೆ.

ಇಂಥ ನಾಟಕಕ್ಕೆ ಬೇಕಾದ ಸಾಮಗ್ರಿಯೂ ಆ ಸೀಮೆಯಲ್ಲೇ ಹೇರಳವಾಗಿತ್ತು. ಬೆಜವಾಡದ ಪಕ್ಕದ ಮಂಗಳಗಿರಿ ಕೈಮಗ್ಗದ ಸೀರೆಗೆ ಹೆಸರುವಾಸಿ. ಮಚಲೀಪಟ್ಟಣದ ಚಿಲಕಲಪೂಡಿ ಚಿನ್ನದ ಲೇಪದ ಒಡವೆಗೆ ಇವತ್ತಿಗೂ ಪ್ರಸಿದ್ಧಿ. ಯಾವ ಪಾತ್ರಕ್ಕೆ ಯಾವ ಸೀರೆ, ಯಾವ ಒಡವೆ, ಎಷ್ಟು ಬಣ್ಣ ಎಂಬ ವಿಷಯದಲ್ಲಿ ಸ್ಥಾನಂ ತುಂಬ ಕಟ್ಟುನಿಟ್ಟು. ಎಲ್ಲ ನಾಯಕಿಯರಿಗೂ ಒಂದೇ ಅಲಂಕಾರ ಎಂಬ ಕಂಪನಿ ರೂಢಿಯನ್ನು ಅವರು ಒಪ್ಪಲಿಲ್ಲ. ವೇಷ ನೋಡಿದ ಕೂಡಲೇ ಇವಳು ಎಂಥವಳು ಎಂಬುದು ಪ್ರೇಕ್ಷಕರಿಗೆ ತಿಳಿಯಬೇಕಿತ್ತು.

ಸತ್ಯಭಾಮೆ ಎಂದರೆ ಸ್ಥಾನಂ

ಅವರಿಗೆ ದೊಡ್ಡ ಹೆಸರು ತಂದದ್ದು ಮುತ್ತರಾಜು ಸುಬ್ಬಾರಾವ್ ಬರೆದ ‘ಶ್ರೀಕೃಷ್ಣ ತುಲಾಭಾರಂ’. ಕಥೆ ನಮಗೆಲ್ಲ ಗೊತ್ತಿರುವುದೇ. ಕೃಷ್ಣ ತನ್ನೊಬ್ಬಳಿಗೇ ಸೇರಬೇಕು ಎಂಬ ಹಟ ಸತ್ಯಭಾಮೆಗೆ. ನಾರದನ ಮಾತು ನಂಬಿ ವ್ರತ ಮಾಡಿ ಗಂಡನನ್ನೇ ದಾನ ಕೊಡುತ್ತಾಳೆ. ಬಿಡಿಸಿಕೊಳ್ಳಬೇಕಾದರೆ ಅವನ ತೂಕದ ಚಿನ್ನ ಕೊಡಬೇಕು. ಭಂಡಾರವೆಲ್ಲ ತಂದು ಸುರಿದರೂ ತಕ್ಕಡಿ ಅಲುಗುವುದಿಲ್ಲ. ಕೊನೆಗೆ ರುಕ್ಮಿಣಿ ಇಟ್ಟ ಒಂದು ತುಳಸಿದಳಕ್ಕೆ ತಕ್ಕಡಿ ತೂಗುತ್ತದೆ.

ಈ ನಾಟಕದ ಸತ್ಯಭಾಮೆಗೆ ರೂಪದ ಸೊಕ್ಕಿದೆ, ಸಿರಿಯ ಸೊಕ್ಕಿದೆ, ಪ್ರೀತಿಯೂ ಇದೆ. ಸೊಕ್ಕನ್ನು ಮಾತ್ರ ತೋರಿಸಿದರೆ ಅವಳು ಜಗಳಗಂಟಿಯಾಗಿಬಿಡುತ್ತಾಳೆ. ಸ್ಥಾನಂ ಸೊಕ್ಕಿನ ಹಿಂದಿನ ಅಭದ್ರತೆಯನ್ನೂ ತೋರಿಸಿದರು. ಹಾಗಾಗಿ ಕೊನೆಯಲ್ಲಿ ಅವಳು ಸೋತಾಗ ಪ್ರೇಕ್ಷಕರು ಗೆಲುವಿನಂತೆ ಚಪ್ಪಾಳೆ ತಟ್ಟಲಿಲ್ಲ, ಮರುಗಿದರು.

ಈ ನಾಟಕಕ್ಕಾಗಿ ಅವರು ತಾವೇ ಒಂದು ಹಾಡನ್ನೂ ಬರೆದರು. ‘ಮೀರಜಾಲಗಲಡಾ’ ಎಂದೇ ಅದು ಪ್ರಸಿದ್ಧ. ಕೃಷ್ಣ ತನ್ನ ಮಾತು ಮೀರುವುದು ಸಾಧ್ಯವೇ ಎಂಬ ಸತ್ಯಭಾಮೆಯ ಭರವಸೆ ಅದರ ತಿರುಳು. ಈ ಹಾಡಿನ ಮುಂದಿನ ಕಥೆ ಕೊನೆಗೆ ಬರುತ್ತದೆ.

ಕಂಪನಿ ನಾಟಕ ನೋಡಿದವರಿಗೆ ‘ವನ್ಸ್ ಮೋರ್’ ಗೊತ್ತು. ಪದ್ಯ ಹಿಡಿಸಿದರೆ ಪ್ರೇಕ್ಷಕರು ಕೂಗುತ್ತಾರೆ, ನಟ ಕಥೆಯನ್ನು ಅಲ್ಲೇ ನಿಲ್ಲಿಸಿ ಮತ್ತೆ ಹಾಡುತ್ತಾನೆ. ಸತ್ತವನೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ ಕಾಲವದು. ದನಿಯ ಬಲದ ಮೇಲೇ ನಟರು ಬೆಳೆಯುತ್ತಿದ್ದ ಅಂಥ ರಂಗಭೂಮಿಯಲ್ಲಿ ಸ್ಥಾನಂ ಅಭಿನಯದಿಂದ ಹೆಸರಾದರು. ಕಣ್ಣಿನ ಒಂದು ನೋಟ, ಸೆರಗು ಸರಿಪಡಿಸುವ ಒಂದು ರೀತಿ ಅವರಿಗೆ ಪದ್ಯದಷ್ಟೇ ಮುಖ್ಯವಾಗಿತ್ತು.

ವಿಶಾಖಪಟ್ಟಣದ ಆ ದೃಶ್ಯ

ಸತ್ಯಭಾಮೆಯ ಜತೆಗೆ ಅವರ ಪಟ್ಟಿಯಲ್ಲಿ ರಾಧೆ, ಚಿತ್ರಾಂಗಿ, ಶಕುಂತಲೆ ಇದ್ದರು. ‘ವಿಪ್ರನಾರಾಯಣ’ದಲ್ಲಿ ವೈಷ್ಣವ ಭಕ್ತನನ್ನು ಮರುಳು ಮಾಡುವ ದೇವದೇವಿ, ಕೊಪ್ಪರಪು ಸುಬ್ಬಾರಾವ್ ಅವರ ‘ರೋಷನಾರಾ’ದಲ್ಲಿ ಮೊಗಲ್ ರಾಜಕುಮಾರಿ, ಕಾಳ್ಳಕೂರಿ ನಾರಾಯಣರಾವ್ ಅವರ ‘ಚಿಂತಾಮಣಿ’ಯಲ್ಲಿ ವೇಶ್ಯೆಯಾಗಿದ್ದು ಭಕ್ತೆಯಾಗುವ ನಾಯಕಿ. ಒಬ್ಬಳಂತೆ ಇನ್ನೊಬ್ಬಳಿಲ್ಲ.

ಇವರೆಲ್ಲರಿಗಿಂತ ಭಿನ್ನಳು ‘ಕನ್ಯಾಶುಲ್ಕಂ’ನ ಮಧುರವಾಣಿ. ಗುರಜಾಡ ಅಪ್ಪಾರಾವ್ ಬರೆದ ಈ ನಾಟಕ 1892ರಲ್ಲಿ ವಿಜಯನಗರದಲ್ಲಿ ಮೊದಲು ಪ್ರದರ್ಶನಗೊಂಡು 1897ರಲ್ಲಿ ಅಚ್ಚಾಯಿತು. 1909ರಲ್ಲಿ ಗುರಜಾಡರು ಅದನ್ನು ಬಹಳಷ್ಟು ಹಿಗ್ಗಿಸಿ ಮತ್ತೆ ಪ್ರಕಟಿಸಿದರು. ಹಣಕ್ಕಾಗಿ ಪುಟ್ಟ ಹುಡುಗಿಯರನ್ನು ಮುದುಕರಿಗೆ ಮದುವೆ ಮಾಡಿಕೊಡುವ ಪದ್ಧತಿಯ ವಿರುದ್ಧ ಬರೆದ ನಾಟಕ ಅದು.

ವೇಷ ಬದಲಿಸುವುದೇ ಈ ನಾಟಕದ ಕೀಲಿ. ಮುದುಕ ಲುಬ್ಧಾವಧಾನ್ಲುವಿಗೆ ಹೆಣ್ಣು ಬೇಕು. ಕರಟಕಶಾಸ್ತ್ರಿ ತನ್ನ ಶಿಷ್ಯ ಹುಡುಗನಿಗೇ ಹೆಣ್ಣುವೇಷ ಹಾಕಿಸಿ ಮದುವೆ ಮಾಡಿಸುತ್ತಾನೆ. ಕಥೆ ಕೊನೆಗೆ ವಿಶಾಖಪಟ್ಟಣಕ್ಕೆ ಬರುತ್ತದೆ. ಅಲ್ಲಿ ವೇಶ್ಯೆಯರ ಮುಖ ನೋಡುವುದಿಲ್ಲ ಎಂಬ ನಿಷ್ಠೆಯ ವಕೀಲ ಸೌಜನ್ಯರಾವ್ ಇದ್ದಾನೆ. ಅವನನ್ನು ಕಂಡು ಸತ್ಯ ಹೇಳಲು ಮಧುರವಾಣಿ ಗಂಡಸಿನ ವೇಷ ಹಾಕಿಕೊಂಡು ಹೋಗುತ್ತಾಳೆ.

ಈಗ ಆ ಪಾತ್ರದಲ್ಲಿ ಸ್ಥಾನಂ ಅವರನ್ನು ಊಹಿಸಿಕೊಳ್ಳಿ. ಗಂಡಸೊಬ್ಬರು ಹೆಣ್ಣಾಗಿದ್ದಾರೆ, ಆ ಹೆಣ್ಣು ಗಂಡಾಗಿ ಬಂದಿದ್ದಾಳೆ. ಅವರು ತೊಟ್ಟಿರುವುದು ತಮ್ಮದೇ ಗಂಡುಡುಗೆ. ಆದರೆ ಒಳಗಿರುವುದು ಹೆಣ್ಣು ಎಂದು ಪ್ರೇಕ್ಷಕರು ನಂಬಬೇಕು. ಸೀರೆ, ಒಡವೆ ಯಾವುದರ ಆಸರೆಯೂ ಇಲ್ಲದೆ ಹೆಣ್ಣಾಗಿ ಉಳಿಯಬೇಕಾದ ದೃಶ್ಯ ಅದು. ಸ್ತ್ರೀಪಾರ್ಟುಧಾರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿರಲಾರದು.

ರಂಗೂನಿನ ಚಿನ್ನದ ಕಿರೀಟ

1938ರಲ್ಲಿ ಸ್ಥಾನಂ ಅವರಿಗೆ ಚಿನ್ನದ ಕಿರೀಟ ಸಿಕ್ಕಿದ್ದು ಆಂಧ್ರದಲ್ಲಲ್ಲ, ಬರ್ಮಾದ ರಂಗೂನಿನಲ್ಲಿ. ಅಲ್ಲಿ ತೆಲುಗರು ಎಲ್ಲಿಂದ ಬಂದರು ಎಂದು ನಿಮಗೆ ಅನ್ನಿಸಬಹುದು. ವಿಶಾಖಪಟ್ಟಣ, ಕಾಕಿನಾಡ ಬಂದರುಗಳಿಂದ ಹಡಗು ಹತ್ತಿ ಸಾವಿರಾರು ಜನ ಕೂಲಿಗಾಗಿ ಬರ್ಮಾಕ್ಕೆ ಹೋಗುತ್ತಿದ್ದರು. ಅಕ್ಕಿ ಗಿರಣಿ, ಬಂದರಿನ ಕೆಲಸ, ರಿಕ್ಷಾ ಎಳೆಯುವುದು ಎಲ್ಲದರಲ್ಲೂ ತೆಲುಗರಿದ್ದರು. ಊರಿನಿಂದ ದೂರವಿದ್ದ ಅವರಿಗೆ ಊರಿನ ನಾಟಕ ಎಂದರೆ ಪ್ರಾಣ. ಆಗ ಸ್ಥಾನಂ ಅವರಿಗೆ 36ರ ಆಸುಪಾಸು, ಅವರು ಖ್ಯಾತಿಯ ತುತ್ತತುದಿಯಲ್ಲಿದ್ದರು.

ಜಗತ್ತಿನ ಬೇರೆಡೆ

ಇದೇ ಹೊತ್ತಿಗೆ ಬೇರೆಡೆಯೂ ಇಂಥ ತಾರೆಯರಿದ್ದರು. ಮರಾಠಿಯ ಬಾಲಗಂಧರ್ವರ (1888–1967) ಸೀರೆ, ಒಡವೆ, ಮುಡಿಯುವ ಹೂವು ನೋಡಿ ಹೆಣ್ಣುಮಕ್ಕಳೇ ಫ್ಯಾಷನ್ ಕಲಿಯುತ್ತಿದ್ದರು. ಬೆಳಗಾವಿ, ಹುಬ್ಬಳ್ಳಿ, ಧಾರವಾಡದಲ್ಲಿ ಅವರಿಗೆ ಅಪಾರ ಅಭಿಮಾನಿಗಳಿದ್ದರು. ಗುಜರಾತಿ ರಂಗಭೂಮಿಯಲ್ಲಿ ಜಯಶಂಕರ ಸುಂದರಿ, ಚೀನಾದಲ್ಲಿ ಮೇ ಲಾನ್‌ಫಾಂಗ್ ಹೆಸರು ಮಾಡಿದ್ದರು. ಮೇ ಲಾನ್‌ಫಾಂಗ್ 1930ರಲ್ಲಿ ಅಮೆರಿಕಕ್ಕೂ ಹೋಗಿ ಬಂದರು. ಜಪಾನಿನ ಕಬುಕಿ ನಾಟಕದಲ್ಲಿ 1629ರಲ್ಲಿ ಹೆಂಗಸರನ್ನು ನಿಷೇಧಿಸಿದ ಮೇಲೆ ಗಂಡಸರೇ ಸ್ತ್ರೀಪಾತ್ರ ಮಾಡತೊಡಗಿದರು. ಷೇಕ್ಸ್‌ಪಿಯರ್‌ನ ಜೂಲಿಯೆಟ್ ಕೂಡ ಆ ಕಾಲದಲ್ಲಿ ಹುಡುಗನೇ.

ಯಾವುದು ಹೆಣ್ಣಿನದು, ಯಾವುದು ಗಂಡಿನದು ಎಂಬ ಲೆಕ್ಕವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಇವತ್ತು ಹೈಹೀಲ್ಸ್ ಎಂದರೆ ಹೆಂಗಸರದ್ದು. ಆದರೆ ಹಿಮ್ಮಡಿ ಎತ್ತರದ ಪಾದರಕ್ಷೆ ಮೊದಲು ಪರ್ಷಿಯಾದ ಕುದುರೆ ಸವಾರರದ್ದು. ರಿಕಾಪಿನಲ್ಲಿ ಕಾಲು ಜಾರದಿರಲಿ ಎಂದು ಅವರು ಅದನ್ನು ಧರಿಸುತ್ತಿದ್ದರು. 17ನೇ ಶತಮಾನದಲ್ಲಿ ಯುರೋಪಿನ ಶ್ರೀಮಂತ ಗಂಡಸರು ಅದನ್ನೇ ಠೀವಿಯಿಂದ ತೊಟ್ಟರು. ಫ್ರಾನ್ಸಿನ ದೊರೆ 14ನೇ ಲೂಯಿಯ ಕೆಂಪು ಹಿಮ್ಮಡಿಯ ಬೂಟುಗಳು ಚಿತ್ರಗಳಲ್ಲಿ ಇವತ್ತಿಗೂ ಕಾಣಸಿಗುತ್ತವೆ.

ರಂಗದಲ್ಲಿ ಕಿರೀಟ, ಬೀದಿಯಲ್ಲಿ ಜೈಲು

ಸ್ಥಾನಂ ಮೊದಲ ಬಾರಿ ಸೀರೆ ಉಟ್ಟಿದ್ದು 1920ರಲ್ಲಿ. ಅದರ ಹಿಂದಿನ ವರ್ಷ, 1919ರಲ್ಲಿ, ಪಕ್ಕದ ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಕಾನೂನು ಬಂತು. ಫಸಲಿ ವರ್ಷ 1329ರ ನಪುಂಸಕರ ಕಾಯ್ದೆ ಎಂದು ಅದನ್ನು ಕರೆಯುತ್ತಿದ್ದರು. ಅದರ ಪ್ರಕಾರ ನಪುಂಸಕರು ಎಂದು ಸರ್ಕಾರ ಗುರುತಿಸಿದವರ ಹೆಸರನ್ನು ನೋಂದಾಯಿಸಬೇಕು. ಅವರು ಹೆಣ್ಣುಡುಗೆಯಲ್ಲೋ ಹೆಣ್ಣಿನ ಒಡವೆಯಲ್ಲೋ ಬೀದಿಯಲ್ಲಿ ಕಂಡರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, 2 ವರ್ಷದವರೆಗೆ ಜೈಲು ಶಿಕ್ಷೆ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಉತ್ತರ ಭಾರತಕ್ಕೆ ತಂದಿದ್ದ ನಿಯಮದ ಅಚ್ಚೇ ಇದು.

ಬೆಜವಾಡದಿಂದ ಪಶ್ಚಿಮಕ್ಕೆ ಹೊರಟು ಕೃಷ್ಣಾ ಜಿಲ್ಲೆಯ ಗಡಿ ದಾಟಿದರೆ ನಿಜಾಮರ ಸೀಮೆ. ಅಂದರೆ ಗಡಿಯ ಈಚೆ ಒಬ್ಬ ಗಂಡಸು ಸೀರೆ ಉಟ್ಟಿದ್ದಕ್ಕೆ ಹೂವಿನ ಹಾರ, ಆಚೆ ಸೀರೆ ಉಟ್ಟು ನಡೆದಿದ್ದಕ್ಕೆ ಕೋಳ. ಈಚೆ ಬದಿಯಲ್ಲೂ ಬೀದಿಯ ನೋಟ ಮೃದುವಾಗೇನೂ ಇರಲಿಲ್ಲ. ಪರದೆ ಬಿದ್ದ ಮೇಲೆ ಬಣ್ಣ ಒರೆಸಿ ಪಂಚೆ ಉಟ್ಟು ಮನೆಗೆ ಹೋಗುವವರೆಗೆ ಮಾತ್ರ ಸೀರೆಗೆ ಮಾಫಿ. ಒರೆಸಿಕೊಳ್ಳಲು ಒಲ್ಲದವರಿಗೆ, ಅದೇ ತಮ್ಮ ಬದುಕು ಎಂದವರಿಗೆ, ಆ ಮಾಫಿ ಇರಲಿಲ್ಲ.

ಆ ಕಾಯ್ದೆ ಎಷ್ಟು ಕಾಲ ಉಳಿಯಿತು ಗೊತ್ತೇ? ತೆಲಂಗಾಣ ಹೈಕೋರ್ಟ್ ಅದನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಅದಕ್ಕೂ 2 ವರ್ಷ ಮೊದಲು, 2021ರಲ್ಲಿ, ನಮ್ಮ ಬಳ್ಳಾರಿ ಸೀಮೆಯ ಜೋಗತಿ ಕಲಾವಿದೆ, ಲಿಂಗಪರಿವರ್ತಿತ ಮಹಿಳೆ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಅವರು ಸೀರೆ ಉಟ್ಟಿದ್ದು ಪಾತ್ರಕ್ಕಾಗಿ ಅಲ್ಲ, ಬದುಕಿಗಾಗಿ.

ಬಳ್ಳಾರಿಯಿಂದ ಬಂದ ಪ್ರಶ್ನೆ

ಇನ್ನೊಂದು ಪ್ರಶ್ನೆಯೂ ಸ್ಥಾನಂ ಕಾಲದಲ್ಲೇ ಎದ್ದಿತ್ತು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಏಕೆ ಮಾಡಬಾರದು? ಅದನ್ನು ಗಟ್ಟಿಯಾಗಿ ಕೇಳಿದವರು ಬಳ್ಳಾರಿ ರಾಘವ (1880–1946). ವೃತ್ತಿಯಿಂದ ವಕೀಲರು, ತೆಲುಗು, ಕನ್ನಡ ಎರಡರಲ್ಲೂ ದೊಡ್ಡ ನಟ. ಗಂಡಸರು ಸ್ತ್ರೀಪಾತ್ರ ಮಾಡುವುದನ್ನು ಅವರು ಒಪ್ಪಲಿಲ್ಲ. ವಿದ್ಯಾವಂತ ಹೆಣ್ಣುಮಕ್ಕಳನ್ನು ಹುರಿದುಂಬಿಸಿ ತಮ್ಮೊಂದಿಗೆ ರಂಗಕ್ಕೆ ಕರೆತಂದರು. ಕನ್ನಡದಲ್ಲಿ ಗುಬ್ಬಿ ಕಂಪನಿಯ ಬಿ.ಜಯಮ್ಮ ಅಷ್ಟರಲ್ಲಿ ಮನೆಮಾತಾಗುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ಕಂಪನಿಯಲ್ಲೇ ಬೀಳಗಿಯ ಗೋಹರಬಾಯಿ ಕರ್ನಾಟಕಿ ನಾಯಕಿಯ ಪಾತ್ರಗಳನ್ನು ವಹಿಸಿಕೊಂಡರು.

ರಾಘವರ ಪ್ರಶ್ನೆಗೆ ತೂಕವಿತ್ತು. ಸ್ಥಾನಂ ಎಷ್ಟೇ ದೊಡ್ಡ ಕಲಾವಿದರಾಗಿರಲಿ, ಅವರು ನಿಂತ ಜಾಗ ಖಾಲಿಯಾಗಿದ್ದು ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರಿಂದ. ಒಬ್ಬರ ಪ್ರತಿಭೆ ನಿಜ, ಇನ್ನೊಬ್ಬರಿಗೆ ಆದ ಅನ್ಯಾಯವೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಸ್ಥಾನಂ ಅವರ ಬದುಕು ಪೂರ್ತಿ ಅರ್ಥವಾಗುವುದಿಲ್ಲ.

ಟಾಕಿ ಸಿನಿಮಾ ಈ ಚರ್ಚೆಗೆ ತೆರೆ ಎಳೆಯಿತು. ಮೊದಲ ತೆಲುಗು ಟಾಕಿ ‘ಭಕ್ತ ಪ್ರಹ್ಲಾದ’ದ ನಾಯಕಿ ಸುರಭಿ ಕಮಲಾಬಾಯಿ. 1935ರಲ್ಲಿ ‘ಶ್ರೀಕೃಷ್ಣ ತುಲಾಭಾರಂ’ ಸಿನಿಮಾ ಆದಾಗ ಸತ್ಯಭಾಮೆಯಾಗಿದ್ದು ಋಷ್ಯೇಂದ್ರಮಣಿ. ಸ್ಥಾನಂ ಕೂಡ 1939ರ ‘ರಾಧಾಕೃಷ್ಣ’, ಬಳಿಕ ‘ಸತ್ಯಭಾಮ’ ಚಿತ್ರಗಳಲ್ಲಿ ಕಾಣಿಸಿಕೊಂಡರು. ‘ಸತ್ಯಭಾಮ’ದ ನಿರ್ದೇಶಕ ವೈ.ವಿ.ರಾವ್, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಕೊಟ್ಟವರು. ಆದರೆ ಸ್ಥಾನಂ ಸಿನಿಮಾದಲ್ಲಿ ನೆಲೆಯೂರಲಿಲ್ಲ. ರಂಗದ ಮೇಲೆ ದೂರ ಮತ್ತು ದೀಪದ ಬೆಳಕು ನಟನ ಜತೆಗಿರುತ್ತವೆ. ಕ್ಯಾಮೆರಾ ಮುಖದ ಹತ್ತಿರಕ್ಕೇ ಬರುತ್ತದೆ, ಮೇಲಾಗಿ ಅಲ್ಲಿ ನಿಜವಾದ ನಟಿಯರು ಆಗಲೇ ಇದ್ದರು.

ಪದ್ಮಶ್ರೀ ಬಂದ ಹೊತ್ತು

1956ರಲ್ಲಿ ಸ್ಥಾನಂ ಅವರಿಗೆ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 54ರ ಹತ್ತಿರ. ಆ ವರ್ಷಗಳ ತೆಲುಗು ಸಿನಿಮಾಗಳ ಪಟ್ಟಿ ನೋಡಿದರೆ ಒಂದು ಸಂಗತಿ ಗಮನ ಸೆಳೆಯುತ್ತದೆ. 1954ರಲ್ಲಿ ‘ವಿಪ್ರನಾರಾಯಣ’ ಬಂತು, ದೇವದೇವಿ ಪಾತ್ರದಲ್ಲಿ ಭಾನುಮತಿ. 1955ರಲ್ಲಿ ‘ಕನ್ಯಾಶುಲ್ಕಂ’, ಮಧುರವಾಣಿಯಾಗಿ ಸಾವಿತ್ರಿ. 1956ರಲ್ಲಿ ‘ಚಿಂತಾಮಣಿ’, ನಾಯಕಿ ಮತ್ತೆ ಭಾನುಮತಿ. ಸ್ಥಾನಂ ದಶಕಗಳ ಕಾಲ ರಂಗದ ಮೇಲೆ ಬೆಳೆಸಿದ ಹೆಣ್ಣುಗಳು ಒಬ್ಬೊಬ್ಬರಾಗಿ ನಟಿಯರ ಕೈಸೇರುತ್ತಿದ್ದರು. ಅವರ ಕಲೆಗೆ ದೇಶ ಗೌರವ ಕೊಟ್ಟದ್ದು, ಆ ಕಲೆಯ ಅಗತ್ಯವೇ ಮುಗಿಯುತ್ತಿದ್ದ ಹೊತ್ತಿನಲ್ಲಿ.

ಕೂಚಿಪುಡಿಯಲ್ಲೂ ಇದೇ ಆಯಿತು. ವೆಂಪಟಿ ಚಿನ್ನಸತ್ಯಂ 1963ರಲ್ಲಿ ಮದ್ರಾಸಿನಲ್ಲಿ ಅಕಾಡೆಮಿ ತೆರೆದು ಹೆಣ್ಣುಮಕ್ಕಳಿಗೆ ಆ ನೃತ್ಯ ಕಲಿಸಿದರು. ಗಂಡಸರು ಸತ್ಯಭಾಮೆಯಾಗುವ ಪರಂಪರೆಯ ದೊಡ್ಡ ಹೆಸರಾಗಿ ಉಳಿದವರು 2012ರಲ್ಲಿ ತೀರಿಕೊಂಡ ವೇದಾಂತಂ ಸತ್ಯನಾರಾಯಣ ಶರ್ಮ. 1970ರಲ್ಲಿ ಪದ್ಮಶ್ರೀ ಪಡೆದವರು. ಇವತ್ತು ಕೂಚಿಪುಡಿ ಎಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ನರ್ತಕಿಯರೇ.

ಸ್ಥಾನಂ ತಮ್ಮ ರಂಗಾನುಭವವನ್ನು ‘ನಟಸ್ಥಾನಂ’ ಎಂಬ ಪುಸ್ತಕದಲ್ಲಿ ಬರೆದಿಟ್ಟರು. ಅಭಿನಯದ ದೃಶ್ಯ ದಾಖಲೆ ಹೆಚ್ಚಿಲ್ಲದ ಕಾಲದ ನಟರೊಬ್ಬರನ್ನು ಅರಿಯಲು ಇಂಥ ಬರಹವೇ ಆಧಾರ.

ಹಾಡು ಹಂಪಿಯ ಹುಡುಗಿಗೆ

ಈಗ ಆ ಹಾಡಿನ ವಿಷಯಕ್ಕೆ ಬರೋಣ. 1966ರಲ್ಲಿ ‘ಶ್ರೀಕೃಷ್ಣ ತುಲಾಭಾರಂ’ ಮತ್ತೊಮ್ಮೆ ಸಿನಿಮಾ ಆಯಿತು. ಕೃಷ್ಣನಾಗಿ ಎನ್.ಟಿ.ರಾಮರಾವ್, ಸತ್ಯಭಾಮೆಯಾಗಿ ಜಮುನಾ. ಸ್ಥಾನಂ ಬರೆದ ‘ಮೀರಜಾಲಗಲಡಾ’ ಹಾಡನ್ನು ಚಿತ್ರದಲ್ಲಿ ಬಳಸಿಕೊಂಡರು. ಹಾಡಿದವರು ಪಿ.ಸುಶೀಲಾ. ಹಾಡು ಎಷ್ಟು ಜನಪ್ರಿಯವಾಯಿತೆಂದರೆ, ಅದು ರಂಗದಿಂದ ಬಂದದ್ದು, ಗಂಡಸೊಬ್ಬರು ತಾವೇ ಹಾಡಲೆಂದು ಬರೆದದ್ದು ಎಂಬುದೇ ಅನೇಕರಿಗೆ ಮರೆತುಹೋಯಿತು. ಇವತ್ತು ತೆಲುಗರಿಗೆ ಸತ್ಯಭಾಮೆ ಎಂದರೆ ಜಮುನಾ.

ಈ ಜಮುನಾ ಹುಟ್ಟಿದ್ದು ನಮ್ಮ ಹಂಪಿಯಲ್ಲಿ, 1936ರಲ್ಲಿ. ಮನೆಮಾತು ಕನ್ನಡ. ಬೆಳೆದದ್ದು ಗುಂಟೂರು ಜಿಲ್ಲೆಯ ದುಗ್ಗಿರಾಲದಲ್ಲಿ, ಸ್ಥಾನಂ ಅವರ ತೆನಾಲಿಯ ಪಕ್ಕದಲ್ಲೇ. ಧಾರವಾಡದ ಕಂಪನಿಯೊಂದರ ಸಂಚಾರದ ನಂತರ ಬೆಳೆದ ರಂಗಭೂಮಿಯ ಅತಿ ದೊಡ್ಡ ಸ್ತ್ರೀಪಾತ್ರ ಕೊನೆಗೆ ಒಬ್ಬ ಕನ್ನಡತಿಯ ಪಾಲಾಯಿತು.

ಸ್ಥಾನಂ ನರಸಿಂಹರಾವ್ 1971ರ ಫೆಬ್ರುವರಿ 21ರಂದು ನಿಧನರಾದರು. ಅವರಿಗೆ 68 ವರ್ಷ ವಯಸ್ಸಾಗಿತ್ತು. ಅವರು ಮೆರೆಸಿದ ‘ಚಿಂತಾಮಣಿ’ ನಾಟಕವನ್ನು, ಅದರಲ್ಲಿನ ಸುಬ್ಬಿಶೆಟ್ಟಿ ಪಾತ್ರ ತಮಗೆ ಅವಮಾನಕರ ಎಂದು ಆರ್ಯವೈಶ್ಯ ಸಮುದಾಯ ದೂರಿದ ಮೇಲೆ, 2022ರ ಜನವರಿಯಲ್ಲಿ ಆಂಧ್ರ ಸರ್ಕಾರ ನಿಷೇಧಿಸಿತು. ನೂರು ವರ್ಷದ ಹಳೆಯ ಆ ನಾಟಕದಲ್ಲಿ ಜನರಿಗೆ ತಕರಾರಾಗಿದ್ದು ಒಬ್ಬ ಶೆಟ್ಟಿಯ ಪಾತ್ರದ ಬಗ್ಗೆಯೇ ಹೊರತು ಸೀರೆ ಉಟ್ಟು ಚಿಂತಾಮಣಿಯಾದ ಗಂಡಸರ ಬಗ್ಗೆ ಅಲ್ಲ.

ಸ್ಥಾನಂ ಬದುಕಿಡೀ ಹೆಣ್ಣುಡುಗೆ ತೊಟ್ಟರು, ಅದಕ್ಕಾಗಿ ಯಾರಿಗೂ ಕಾರಣ ಕೊಡಬೇಕಾಗಿ ಬರಲಿಲ್ಲ. ಅದೇ ಕಾಲದಲ್ಲಿ ಅದೇ ಉಡುಗೆಗಾಗಿ ಜೈಲು ಕಂಡವರಿದ್ದರು, ಅದೇ ರಂಗದ ಬಾಗಿಲಲ್ಲಿ ಒಳಗೆ ಬಿಡಿ ಎಂದು ಕಾದ ಹೆಣ್ಣುಮಕ್ಕಳಿದ್ದರು. ಅವರ ಕಲೆಯನ್ನು ನೆನೆಯುವಾಗ ಈ ಇಬ್ಬರನ್ನೂ ನೆನೆಯುವುದು ನ್ಯಾಯ.